ಐದು ಲೀಟರು ಕ್ಯಾಲ್ಸಿಯಂ

ನಾನು ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪನಿಗೆ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಹಾಲು ನಮ್ಮ ಮನೆಗೆ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಎಮ್ಮೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಹತ್ತಿರ ಹೋಗಿರಲಿಲ್ಲ. ಅದು ರಸ್ತೆಗೆ ಅಡ್ಡ ನಿಲ್ಲುತ್ತದೆ, ಡ್ರೈವರ್ ಎಷ್ಟು ಹಾರನ್ ಹೊಡೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು.

ಮದುವೆಯಾಗಿ ಬಳಗಾನೂರಿನ ಹತ್ತಿರದ ಹಳ್ಳಿಗೆ ಬಂದೆ. ಯಜಮಾನರು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ, ಬೆಳಕು ಹರಿಯುವ ಮೊದಲೇ ಮೋಟಾರು ಸೈಕಲ್ ಹತ್ತಿ ಹೋಗುತ್ತಾರೆ. ನಾನು ಮಸ್ಕಿಯ ಶಾಲೆಯೊಂದರಲ್ಲಿ ಟೀಚರ್, ಒಂಬತ್ತರ ಬಸ್ಸಿಗೆ ಹೋಗುತ್ತೇನೆ. ಹಗಲು ಮನೆಯಲ್ಲಿ ಉಳಿಯುವವರು ಇಬ್ಬರೇ, ನಮ್ಮ ಅತ್ತೆ ಮತ್ತು ಅವರ ಎಮ್ಮೆ.

ಅತ್ತೆಗೆ ಆಗ ಅರವತ್ತು ದಾಟಿತ್ತು. ದೊಡ್ಡ ದನಿ, ಸಣ್ಣ ಮೈ. ನನ್ನ ಮೇಲೆ ಸಿಟ್ಟು ಬಂದರೆ ‘ಟೀಚರಮ್ಮ’ ಎನ್ನುತ್ತಿದ್ದರು, ಏನಾದರೂ ಆಗಬೇಕಿದ್ದರೆ ‘ಯವ್ವಾ’ ಎನ್ನುತ್ತಿದ್ದರು. ಎಮ್ಮೆಗೆ ಮಾತ್ರ ಎಲ್ಲ ಹೊತ್ತಿನಲ್ಲೂ ‘ನನ ತಾಯಿ’. ಮೊಣಕಾಲು ನೋವೆಂದು ಅಡುಗೆಮನೆಯಿಂದ ಪಡಸಾಲೆಗೆ ಬರಲು ಗೋಡೆ ಹಿಡಿಯುತ್ತಿದ್ದವರು, ಎಮ್ಮೆ ಒಮ್ಮೆ ಕೂಗಿದರೆ ಗೋಡೆ ಗೀಡೆ ಮರೆತು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಎಮ್ಮೆ ಗಬ್ಬವಾಗಿತ್ತು. ಈಯಲು ಇನ್ನೊಂದು ತಿಂಗಳಿದೆ ಅನ್ನುವಾಗ ಒಂದು ಬೆಳಗ್ಗೆ ನಾನು ಡಬ್ಬಿ ಕಟ್ಟಿಕೊಳ್ಳುತ್ತಿದ್ದೆ. ಅತ್ತೆ ಬಂದು ಬಾಗಿಲಿಗೆ ಆತುಕೊಂಡು ನಿಂತರು.

“ಯವ್ವಾ, ಮಸ್ಕ್ಯಾಗ ದನದ ಔಷಧ ಅಂಗಡಿ ಐತಲ್ಲ, ಅಲ್ಲಿ ಕ್ಯಾಲ್ಸಿಯಂ ಟಾನಿಕ್ ಸಿಗತೈತಂತ. ಬಿಳೇದು. ಐದು ಲೀಟರಿಂದು ಕ್ಯಾನ್ ತಗೊಂಡ ಬಾ.”

“ಎಮ್ಮಿಗೇನಾಗೈತ್ರಿ ಅತ್ತಿ?”

“ಏನಾಗಿಲ್ಲ. ಹೊಟ್ಟ್ಯಾಗ ಕರ ಐತಿ, ತಿನ್ನೂದು ಬರೇ ನೆಲ್ಲುಹುಲ್ಲು. ಜ್ವಾಳದ ಕಣಕಿ ಈಗ ಎಲ್ಲಿ ಐತಿ ಈ ಕಡೆ? ಅದಕ್ಕ ಶಕ್ತಿ ಬ್ಯಾಡೇನು?”

ಮಾತು ನ್ಯಾಯವಾಗಿಯೇ ಇತ್ತು. ಕಾಲುವೆ ನೀರು ಬಂದ ಮೇಲೆ ನಮ್ಮ ಸುತ್ತಿನಲ್ಲಿ ಎಲ್ಲಿ ನೋಡಿದರೂ ಭತ್ತವೇ. ದನಗಳಿಗೂ ಭತ್ತದ ಹುಲ್ಲೇ ಗತಿ.

ಆ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದೆ. ಅಂಗಡಿಯವನು ಕ್ಯಾನನ್ನು ಮೇಜಿನ ಮೇಲಿಟ್ಟು ಕೇಳಿದ.

“ಎಮ್ಮಿ ಈದೈತೇನ್ರಿ ಟೀಚರ್?”

“ಇನ್ನೂ ಇಲ್ರಿ. ಒಂದು ತಿಂಗಳೈತಿ.”

“ಹಂಗಾದ್ರ ಈಗ ಕುಡಿಸಬ್ಯಾಡ್ರಿ. ಈದ ಮ್ಯಾಲ ಶುರು ಮಾಡ್ರಿ. ದಿನಕ್ಕ ನೂರು ಎಂ.ಎಲ್., ಮುಂಜಾನಿ ಐವತ್ತು, ಸಂಜಿಗೆ ಐವತ್ತು. ಅದಕ್ಕಿಂತ ಹೆಚ್ಚಿಗಿ ಬೇಕಂದ್ರ ಡಾಕ್ಟರ್‌ನ ಕೇಳ್ರಿ.”

ಅಷ್ಟರಲ್ಲಿ ಬಸ್ಸು ಬಂತು. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ತಿದ್ದಬೇಕಾದ ನೋಟ್‌ಬುಕ್ಕುಗಳ ಚೀಲ, ಓಡಿ ಹೋಗಿ ಹತ್ತಿದೆ. ನಿಂತುಕೊಂಡೇ ಬಂದೆ. ಇಳಿಯುವ ಹೊತ್ತಿಗೆ ನನ್ನ ತಲೆಯಲ್ಲಿ ಉಳಿದದ್ದು ‘ನೂರು ಎಂ.ಎಲ್.’ ಅಷ್ಟೇ. ಮನೆಗೆ ಬಂದು ಅತ್ತೆಗೆ ಅದನ್ನೇ ಹೇಳಿದೆ. “ದಿನಕ್ಕ ನೂರಂತ್ರಿ, ಎರಡು ಸಲಕ್ಕ.” ಈದ ಮೇಲೆ ಎಂಬ ಮಾತು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಬಿದ್ದುಹೋಯಿತು ಎಂದುಕೊಳ್ಳುತ್ತೇನೆ.

ಅತ್ತೆ ಮುಚ್ಚಳ ತೆಗೆದು ಮೂಸಿ ನೋಡಿದರು. ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಅವರ ಮುಖ ಅರಳಿತು.

ಆಮೇಲಿನ ತಿಂಗಳು ಮನೆ ಸಂತೋಷವಾಗಿತ್ತು. ಎಮ್ಮೆಗೆ ಬೆಳಗ್ಗೆ ಸಂಜೆ ತೌಡಿನಲ್ಲಿ ಕಲಸಿ ಟಾನಿಕ್ಕು ಹೋಗುತ್ತಿತ್ತು. ಅತ್ತೆಯ ಮೊಣಕಾಲಿನ ದೂರು ಕಡಿಮೆಯಾಗಿತ್ತು. ಬಹಳ ದಣಿವು ಎನ್ನುತ್ತಿದ್ದರು, ಮಧ್ಯಾಹ್ನ ಹೆಚ್ಚು ಮಲಗುತ್ತಿದ್ದರು, ಆದರೆ ಕಾಲು ನೋವು ಎನ್ನುತ್ತಿರಲಿಲ್ಲ. ಬಿಸಿಲಿಗೆ ದಣಿವಾಗಿರಬೇಕು ಎಂದು ನಾನೂ ಸುಮ್ಮನಿದ್ದೆ.

ಒಂದು ವಿಷಯ ಮಾತ್ರ ನನಗೆ ಚುಚ್ಚುತ್ತಿತ್ತು. ಅತ್ತೆಗೆ ಇಬ್ಬರು ಗೆಳತಿಯರು. ಒಬ್ಬರು ಎದುರು ಮನೆಯ ಅಜ್ಜಿ, ಇನ್ನೊಬ್ಬರು ಮೂಲೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಅವ್ವ. ಮಧ್ಯಾಹ್ನದ ಊಟವಾದ ಮೇಲೆ ಮೂವರೂ ನಮ್ಮ ಮನೆಯ ಕಟ್ಟೆಯ ಮೇಲೆ ಕೂಡುವುದು ಮೊದಲಿನಿಂದಲೂ ಇದ್ದದ್ದೇ. ಈಗ ಅವರ ಕೂಟ ಕಟ್ಟೆಯಿಂದ ಹಿತ್ತಲಿಗೆ ಬದಲಾಗಿತ್ತು. ರವಿವಾರ ನಾನು ಮನೆಯಲ್ಲಿದ್ದಾಗ ಹಿತ್ತಲ ಬಾಗಿಲಿಗೆ ಹೋದರೆ ಮೂವರೂ ಮಾತು ನಿಲ್ಲಿಸಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಸೊಸೆಯ ಮೇಲಿನ ಮಾತೇ ಇರಬೇಕು ಎಂದು ನಾನು ನಿರ್ಧರಿಸಿದೆ. ಒಂದು ಸಲ ಯಜಮಾನರಿಗೂ ಹೇಳಿದೆ.

“ನಿಮ್ಮವ್ವ ನನ್ನ ಬಗ್ಗೆ ಏನೋ ಮಾತಾಡ್ತಾರ್ರಿ. ನಾ ಹೋದಕೂಡ್ಲೆ ಸುಮ್ನಾಗ್ತಾರ.”

ಅವರು ನಕ್ಕರು. “ನಮ್ಮವ್ವ ಮಾತಾಡೂದಿದ್ರ ನಿನ ಮುಂದನ ಮಾತಾಡ್ತಾಳ. ಹಿಂದ ಮಾತಾಡಾಕ ಆಕೀಗೆ ದನಿ ಸಣ್ಣದು ಮಾಡಾಕ ಬರಂಗಿಲ್ಲ.”

ಅದೂ ಖರೆಯೇ. ಆದರೂ ನನ್ನ ಅನುಮಾನ ಹೋಗಲಿಲ್ಲ.

ಒಂದು ಶನಿವಾರ ಸಂಜೆ ಎಮ್ಮೆ ಈಯಿತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ನಾನು ಜೀವನದಲ್ಲಿ ಮೊದಲ ಸಲ ಒಂದು ಜೀವ ಹೊರಗೆ ಬಂದು ನಡುಗುತ್ತ ಎದ್ದು ನಿಲ್ಲುವುದನ್ನು ನೋಡಿದೆ, ಮತ್ತು ಅದು ಬೀಳುತ್ತದೇನೋ ಎಂದು ನಾಲ್ಕು ಸಲ ಕೈ ಚಾಚಿದೆ. “ಬಿಡು, ಬೀಳಲಿ. ಬಿದ್ದರನ ಏಳತೈತಿ” ಎಂದರು ಅತ್ತೆ. ರವಿವಾರ ಗಿಣ್ಣು ಮಾಡಿ ಓಣಿಯ ಅಷ್ಟೂ ಮನೆಗೆ ಹಂಚಿದೆವು. ಎಮ್ಮೆ ಆರಾಮಾಗಿತ್ತು, ಕರುವನ್ನು ನೆಕ್ಕುತ್ತ ನಿಂತಿತ್ತು.

ಸೋಮವಾರ ಬೆಳಗ್ಗೆ ಏಳು ಗಂಟೆಗೆ ಅತ್ತೆ ಹಿತ್ತಲಿನಿಂದ ಕೂಗಿದರು. ಅವರ ದನಿ ಎಂದಿನಂತಿರಲಿಲ್ಲ. ಹೋಗಿ ನೋಡಿದರೆ ಎಮ್ಮೆ ನೆಲಕ್ಕೆ ಬಿದ್ದಿತ್ತು. ಕುತ್ತಿಗೆಯನ್ನು ಹೊಟ್ಟೆಯ ಕಡೆ ಹೊರಳಿಸಿಕೊಂಡು ನಿದ್ದೆ ಬಂದವರ ಹಾಗೆ ಕಣ್ಣು ಅರ್ಧ ಮುಚ್ಚಿತ್ತು. ಕಿವಿ ಮುಟ್ಟಿದೆ, ತಣ್ಣಗಿತ್ತು. ಅತ್ತೆ ಕೊಂಬು ಹಿಡಿದು ತಲೆಯನ್ನು ಮುಂದಕ್ಕೆ ತಂದರು, ಬಿಟ್ಟಕೂಡಲೇ ಅದು ಮತ್ತೆ ಹೊಟ್ಟೆಯ ಕಡೆಗೇ ಹೊರಳಿತು.

“ನನ ತಾಯಿ, ಏಳವ್ವ. ಏಳು” ಎಂದು ಅತ್ತೆ ಬೆನ್ನು ತಟ್ಟುತ್ತಲೇ ಇದ್ದರು.

ಎದುರು ಮನೆಯ ಅಜ್ಜ ಓಡಿ ಬಂದರು. ಅವರ ಕೈಯಲ್ಲಿ ಗೊಟ್ಟವಿತ್ತು. ದನಗಳಿಗೆ ಔಷಧ ಹಾಕಲು ಬಿದಿರಿನಿಂದ ಮಾಡಿದ ಕೊಳವೆ ಅದು. ತುಂಬಿಸಿ ಬಾಯಿಗೆ ತುರುಕಿ ತಲೆ ಎತ್ತಿ ಹಿಡಿದರೆ ಒಳಗಿದ್ದದ್ದೆಲ್ಲ ಗಂಟಲಿಗೆ ಇಳಿಯುತ್ತದೆ.

“ಶಕ್ತಿ ಹೋಗೈತಿ ಅದಕ್ಕ” ಎಂದರು ಅಜ್ಜ. “ಆ ಬಿಳೇ ಔಷಧ ತಗೊಂಡ ಬರ್ರಿ. ಬೆಲ್ಲದ ನೀರಾಗ ಕಲಸಿ ಎರಡು ಗೊಟ್ಟ ಹಾಕೂಣು. ಎದ್ದ ನಿಲ್ಲತೈತಿ.”

ಅತ್ತೆ ಕ್ಯಾನು ತರಲು ಒಳಗೆ ಹೋದರು. ನಾನು ಬಳಗಾನೂರಿನ ಕಡೆ ನೋಡಿಕೊಳ್ಳುವ ದನದ ಡಾಕ್ಟರಿಗೆ ಫೋನ್ ಮಾಡಿದೆ. ಲಿಂಗಸುಗೂರಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಬೇಕು. ಊರಲ್ಲಿ ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಆಕೆ ಎರಡೇ ಪ್ರಶ್ನೆ ಕೇಳಿದರು. ಯಾವಾಗ ಈದಿದೆ, ಕಿವಿ ತಣ್ಣಗಿದೆಯೇ. ಆಮೇಲೆ ಹೇಳಿದರು.

“ಟೀಚರ್, ಲಕ್ಷ್ಯ ಕೊಟ್ಟು ಕೇಳ್ರಿ. ನಾ ಬರೂತನ ಬಾಯಾಗ ಏನೂ ಹಾಕಬ್ಯಾಡ್ರಿ. ನೀರು ಸುದ್ದಾ ಬ್ಯಾಡ. ಅದಕ್ಕೀಗ ನುಂಗಾಕ ಬರಂಗಿಲ್ಲ, ಹಾಕಿದ್ದು ಪುಪ್ಪುಸಕ್ಕ ಹೋಗತೈತಿ. ಅಡ್ಡ ಮಲಗಾಕ ಬಿಡಬ್ಯಾಡ್ರಿ, ಎರಡೂ ಕಡೆ ಹುಲ್ಲಿನ ಚೀಲ ಆನಿಸಿ ಎದಿ ಮ್ಯಾಲ ಕುಂಡ್ರಿಸ್ರಿ. ಹೊಂಟೆ ನಾ.”

ಫೋನಿಟ್ಟು ತಿರುಗಿದರೆ ಅಜ್ಜ ಗೊಟ್ಟ ತುಂಬಿಸಿಕೊಂಡು ಎಮ್ಮೆಯ ದವಡೆಗೆ ಕೈ ಹಾಕಿದ್ದರು. ನಾನು ಎಮ್ಮೆಗೂ ಅವರಿಗೂ ನಡುವೆ ಹೋಗಿ ಕೂತೆ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ, ಸೆಗಣಿಯ ಮೇಲೇ ಕೂತೆ.

“ಅಜ್ಜಾರ, ಬ್ಯಾಡ್ರಿ. ಡಾಕ್ಟರು ಏನೂ ಹಾಕಬ್ಯಾಡ ಅಂದಾರ.”

“ನಲವತ್ತು ವರ್ಷ ಗೊಟ್ಟ ಹಾಕೀನವ್ವ ನಾ.”

“ಹಾಕೀರಿ. ಆದ್ರ ಈಗ ಅದು ನುಂಗಂಗಿಲ್ಲಂತ್ರಿ. ಉಸುರಿನ ಕೊಳವ್ಯಾಗ ಹೋಗತೈತಂತ.”

ಅಜ್ಜ ಅತ್ತೆಯ ಮುಖ ನೋಡಿದರು. ಎಮ್ಮೆ ಅತ್ತೆಯದು, ಮಾತೂ ಅವರದೇ ಆಗಬೇಕಿತ್ತು. ಅತ್ತೆ ನನ್ನನ್ನು ನೋಡಿದರು. ಎಮ್ಮೆಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಅದು ನುಂಗುತ್ತಿರಲಿಲ್ಲ. ಅತ್ತೆ ಅದನ್ನೇ ಸ್ವಲ್ಪ ಹೊತ್ತು ನೋಡಿದರು.

“ಕೆಳಗಿಡಣ್ಣ ಅದನ್ನ” ಎಂದರು. “ಟೀಚರಮ್ಮ ಹೇಳಿದಂಗ ಮಾಡೂಣು.”

ಆ ಹೊತ್ತಿನ ‘ಟೀಚರಮ್ಮ’ದಲ್ಲಿ ಸಿಟ್ಟಿರಲಿಲ್ಲ. ಮೂವರೂ ಸೇರಿ ಹುಲ್ಲು ತುಂಬಿದ ಚೀಲಗಳನ್ನು ತಂದು ಎಮ್ಮೆಯ ಎರಡೂ ಪಕ್ಕಕ್ಕೆ ಒತ್ತಿದೆವು. ನಾನು ಹೆಡ್‌ಮಾಸ್ಟರಿಗೆ ಫೋನ್ ಮಾಡಿ ರಜೆ ಕೇಳಿದೆ. ಯಾಕೆ ಎಂದರು. ಎಮ್ಮೆಗೆ ಹುಷಾರಿಲ್ಲ ಎಂದೆ. ಅವರೂ ಎಮ್ಮೆ ಕಟ್ಟಿದವರೇ, ಮರುಮಾತಿಲ್ಲದೆ ಕೊಟ್ಟರು.

ಅರ್ಧ ಗಂಟೆಯಲ್ಲಿ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಎಮ್ಮೆಯ ಕಿವಿ, ಕಣ್ಣು, ಮೂಗು ಮುಟ್ಟಿ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, “ರಕ್ತದಾಗ ಕ್ಯಾಲ್ಸಿಯಂ ಇಳದೈತಿ. ಹಾಲಿನ ಜ್ವರ ಅಂತಾರ ಇದಕ್ಕ. ಹೆಸರಿಗಷ್ಟ ಜ್ವರ, ಮೈ ತಣ್ಣಗಾಗತೈತಿ” ಎಂದರು. ಚೀಲದಿಂದ ಬಾಟಲಿ ತೆಗೆದು ನನ್ನಿಂದ ಬಕೆಟ್ಟಿನಲ್ಲಿ ಬಿಸಿನೀರು ತರಿಸಿ ಅದರಲ್ಲಿಟ್ಟರು. ಬೆಚ್ಚಗಾದ ಮೇಲೆ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು.

“ಕೈ ಭಾಳ ಎತ್ತರ ಮಾಡಬ್ಯಾಡ್ರಿ ಟೀಚರ್. ಜೋರು ಹೋದ್ರ ಎದಿ ಬಡಿತ ನಿಂತ ಹೋಗತೈತಿ. ನಾ ಇಳಸ್ರಿ ಅಂದ್ರ ಇಳಸ್ರಿ.”

ಆಕೆ ಎಮ್ಮೆಯ ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುತ್ತ ಕೂತರು. ನಡುವೆ ಎರಡು ಸಲ “ಇಳಸ್ರಿ” ಎಂದರು. ಆಗ ಎರಡು ಸಲವೂ ನನ್ನ ಎದೆ ಬಡಿತವೇ ನಿಂತಂತಾಯಿತು. ತೋಳು ನೋಯುತ್ತಿತ್ತು. ಹಿತ್ತಲಿನಲ್ಲಿ ಓಣಿಯ ಅರ್ಧ ಜನ ಸೇರಿದ್ದರು. ಬಾಟಲಿ ಮುಗಿಯಲು ಬಂದಾಗ ಎಮ್ಮೆಯ ಮೈಯ ಮೇಲೆ ಸಣ್ಣಗೆ ನಡುಕ ಓಡಿತು. ಆಮೇಲೆ ದೊಡ್ಡದೊಂದು ತೇಗು. ಡಾಕ್ಟರಮ್ಮ ಕಣ್ಣು ತೆರೆದು ನಕ್ಕರು.

“ಇನ್ನ ಎಮ್ಮಿ ನಿಮ್ಮದು.”

ಸ್ವಲ್ಪ ಹೊತ್ತಿಗೆ ಎಮ್ಮೆ ಸೆಗಣಿ ಹಾಕಿತು. ಹಿಂಗಾಲು ಊರಿ, ಒಮ್ಮೆ ಜಾರಿ, ಮತ್ತೆ ಊರಿ ಎದ್ದು ನಿಂತಿತು. ನಿಂತದ್ದೇ ಗೋದಲಿಯಲ್ಲಿದ್ದ ಹುಲ್ಲಿಗೆ ಬಾಯಿ ಹಾಕಿತು. ಅತ್ತೆ ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಕೈ ತೊಳೆದುಕೊಂಡು ಚಹಾ ಕುಡಿಯುತ್ತ ಡಾಕ್ಟರಮ್ಮ ಕೇಳಿದರು. “ಅವ್ವಾ, ಈಯೂಕಿಂತ ಮೊದಲ ಎಮ್ಮಿಗೆ ಏನೇನ್ ಕೊಟ್ಟೀರಿ?”

ಅತ್ತೆ ಹೆಮ್ಮೆಯಿಂದ ಹೇಳಿದರು. “ಕ್ಯಾಲ್ಸಿಯಂ ಕೊಟ್ಟೀನಿ. ಒಂದ ದಿನಾನೂ ತಪ್ಪಿಸಿಲ್ಲ.”

ಡಾಕ್ಟರಮ್ಮ ಲೋಟ ಕೆಳಗಿಟ್ಟರು. “ಎಷ್ಟು ದಿನ?”

“ಇಪ್ಪತ್ತೈದು ದಿನ ಆಗಿರಬೇಕು.”

“ಅಲ್ಲೇ ತಪ್ಪಿತು ನೋಡ್ರಿ.” ಆಕೆಯ ದನಿಯಲ್ಲಿ ಗದರಿಕೆ ಇರಲಿಲ್ಲ. “ನಿಮ್ಮ ಹೊಲಕ್ಕ ಕಾಲಿವಿ ನೀರು ತಾನ ಬಂದ್ರ ಬೋರ್‌ವೆಲ್ ಚಾಲೂ ಮಾಡ್ತೀರೇನು? ಮಾಡಂಗಿಲ್ಲ. ಎಮ್ಮಿ ಎಲುಬಿನಾಗ ಕ್ಯಾಲ್ಸಿಯಂ ತುಂಬಿರತೈತಿ. ಈದಕೂಡ್ಲೆ ಹಾಲಿಗೆ ಒಮ್ಮೆಲೆ ಭಾಳ ಬೇಕಾಗತೈತಿ, ಆಗ ಎಲುಬಿನಿಂದ ಅದ ತಕ್ಕೊಬೇಕು. ಕಡೀ ತಿಂಗಳ ಬಾಯಿಲೆ ಕೊಡಕೋತ ಹೋದ್ರ ಮೈ ತಕ್ಕೊಳ್ಳೂದು ಬಿಟ್ಟಬಿಡತೈತಿ. ಬೇಕಾದಾಗ ಆ ಬೋರ್ ಚಾಲೂ ಆಗಂಗಿಲ್ಲ.”

ನನ್ನ ಕಿವಿಯಲ್ಲಿ ಅಂಗಡಿಯವನ ಮಾತು ಈಗ ತಾನೇ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಈದ ಮ್ಯಾಲ ಶುರು ಮಾಡ್ರಿ. ಆ ಹೊತ್ತಿನಲ್ಲಿ ಎಲ್ಲರೆದುರು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

“ಕ್ಯಾನ್ ತರ್ರಿ ನೋಡೂಣು” ಎಂದರು ಡಾಕ್ಟರಮ್ಮ.

ತಂದೆ. ಆಕೆ ಅಲುಗಾಡಿಸಿ ನೋಡಿದರು. ತಳದಲ್ಲಿ ಒಂದಿಷ್ಟು ಉಳಿದಿತ್ತು.

“ದಿನಾ ಎಷ್ಟು ಹಾಕಿದ್ರಿ ಅವ್ವಾ?”

“ನೂರು. ಮುಂಜಾನಿ ಐವತ್ತು, ಸಂಜಿಗೆ ಐವತ್ತು. ಇದರ ಮುಚ್ಚಳ ಇಪ್ಪತ್ತೈದರದು, ಎರಡೆರಡು ಮುಚ್ಚಳ ಅಳದ ಹಾಕೀನಿ.”

“ಹಂಗಾದ್ರ ಅರ್ಧ ಕ್ಯಾನ್ ಉಳೀಬೇಕಿತ್ತಲ್ರಿ.”

ಅತ್ತೆ ಸೆರಗನ್ನು ಸರಿ ಮಾಡಿಕೊಂಡರು, ಕರುವಿನ ಕಡೆ ನೋಡಿದರು. ಕೂಡಿದ್ದ ಜನರ ಹಿಂದಿನಿಂದ ಎದುರು ಮನೆಯ ಅಜ್ಜಿಯ ದನಿ ಸಣ್ಣಗೆ ಬಂತು.

“ಡಾಕ್ಟರಮ್ಮ, ಅದು ಮನಷ್ಯಾರಿಗೇನೂ ಆಗಂಗಿಲ್ಲ ಹೌದಲ್ರಿ?”

ಅತ್ತೆ ಅವರ ಕಡೆ ನೋಡಿದ ನೋಟವನ್ನು ನಾನು ಈಗಲೂ ಮರೆತಿಲ್ಲ. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಕಿರಾಣಿ ಅಂಗಡಿಯವ್ವ ಮುಂದೆ ಬಂದು ಉಳಿದದ್ದನ್ನೂ ಹೇಳಿಬಿಟ್ಟರು. ಅವರಿಗೆ ಒಳಗಿಟ್ಟುಕೊಂಡು ಸಾಕಾಗಿತ್ತೆಂದು ಕಾಣುತ್ತದೆ. ಕ್ಯಾನಿನ ಮೇಲೆ ಎಲುಬಿಗೆ ಬಲ ಎಂದು ಬರೆದಿದೆಯಂತೆ, ಅಂಗಡಿಯವ್ವನೇ ಓದಿ ಹೇಳಿದರಂತೆ. ಎಮ್ಮೆಯ ಎಲುಬೂ ಎಲುಬೇ, ನಮ್ಮ ಎಲುಬೂ ಎಲುಬೇ ಎಂದು ಅತ್ತೆ ತೀರ್ಮಾನಿಸಿದರಂತೆ. ಅತ್ತೆ ಬೆಳಗ್ಗೆ ಚಹಾದ ಮೇಲೊಂದು ಮುಚ್ಚಳ, ಮಧ್ಯಾಹ್ನ ಮೂವರೂ ಒಂದೊಂದು ಮುಚ್ಚಳ. ಬಾಳೆಹಣ್ಣಿನ ರುಚಿ, ಚೆನ್ನಾಗಿಯೇ ಇತ್ತಂತೆ.

ಡಾಕ್ಟರಮ್ಮ ತಲೆ ತಗ್ಗಿಸಿದರು. ನಗು ತಡೆಯುತ್ತಿದ್ದಾರೆಂದು ಭುಜ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಮಾತ್ರ ನಗು ಬರಲಿಲ್ಲ. ಒಂದು ತಿಂಗಳು ಹಿತ್ತಲಿನಲ್ಲಿ ಅವರು ಆಡಿಕೊಂಡದ್ದು ನನ್ನನ್ನಲ್ಲ ಎಂದು ತಿಳಿದು ಬಂದ ಸಮಾಧಾನ ಒಂದು ಕಡೆ, ಎದುರು ಮನೆಯ ಅಜ್ಜಿಗೆ ಹಿಂದೊಮ್ಮೆ ಕಿಡ್ನಿಯಲ್ಲಿ ಹರಳಾಗಿತ್ತು ಎಂಬ ನೆನಪು ಇನ್ನೊಂದು ಕಡೆ.

ಡಾಕ್ಟರಮ್ಮ ಮುಖ ಎತ್ತಿದಾಗ ಗಂಭೀರವಾಗಿದ್ದರು. “ಇದು ಎಮ್ಮಿ ಮೈತೂಕಕ್ಕ ಮಾಡಿದ್ದು ಅವ್ವಾ. ಇದ್ರಾಗ ಕ್ಯಾಲ್ಸಿಯಂ ಅಷ್ಟ ಅಲ್ಲ, ಫಾಸ್ಫರಸ್ ಐತಿ, ವಿಟಮಿನ್ ಐತಿ, ಎಲ್ಲಾ ಎಮ್ಮಿ ಲೆಕ್ಕದಾಗ. ಇವತ್ತಿನಿಂದ ಬಂದ್. ಮೂರೂ ಮಂದಿ ಒಮ್ಮೆ ದವಾಖಾನಿಗೆ ಹೋಗಿ ತೋರಿಸ್ಕೊಂಡ ಬರ್ರಿ. ನಾ ದನದ ಡಾಕ್ಟರು, ನಿಮ್ಮನ್ನ ನೋಡಾಕ ನನಗ ಪರವಾನಗಿ ಇಲ್ಲ.”

“ನಾವು ಮೂರು ಮಂದಿ ಕೂಡಿದ್ರ ಅರ್ಧ ಎಮ್ಮಿ ಆಗಂಗಿಲ್ಲೇನ್ರಿ?” ಎಂದರು ಅಂಗಡಿಯವ್ವ. ಆಗ ಹಿತ್ತಲೆಲ್ಲ ನಕ್ಕಿತು, ಅತ್ತೆಯೂ ನಕ್ಕರು.

ಹೋಗುವ ಮೊದಲು ಡಾಕ್ಟರಮ್ಮ ಎಮ್ಮೆಯ ವಿಷಯ ಮತ್ತೊಮ್ಮೆ ಬಿಡಿಸಿ ಹೇಳಿದರು. ಎರಡು ಮೂರು ದಿನ ಕೆಚ್ಚಲು ಪೂರ್ತಿ ಬರಿದಾಗುವಂತೆ ಹಿಂಡಬಾರದು. ನಾಳೆಯಿಂದ ಅದೇ ಔಷಧ, ದಿನಕ್ಕೆ ನೂರು, ಎರಡು ಭಾಗ ಮಾಡಿ ತೌಡಿನಲ್ಲಿ ಕಲಸಿ. ಎಷ್ಟು ದಿನ ಎಂಬುದನ್ನು ತಾನು ಮತ್ತೆ ಬಂದು ನೋಡಿ ಹೇಳುತ್ತೇನೆ ಎಂದರು. ತಿನ್ನದಿದ್ದರೆ ಮಾತ್ರ ಬಾಯಿಗೆ ಹಾಕುವುದು, ಅದೂ ನಿಂತಿದ್ದಾಗ, ತಲೆಯನ್ನು ಮೇಲಕ್ಕೆ ಎಳೆಯದೆ ದವಡೆಯ ಬದಿಯಿಂದ ಸ್ವಲ್ಪ ಸ್ವಲ್ಪ. ಕೆಮ್ಮಿದರೆ ಅಲ್ಲಿಗೆ ನಿಲ್ಲಿಸುವುದು. ಅಜ್ಜ ಗೊಟ್ಟವನ್ನು ಕೈಯಲ್ಲಿ ತಿರುಗಿಸುತ್ತ ಎಲ್ಲವನ್ನೂ ಕೇಳಿದರು. ಕೊನೆಗೆ, “ನಾವು ತಲಿ ಮುಗಿಲಿಗೆ ಎತ್ತತಿದ್ದಿವಿ ನೋಡ್ರಿ. ಕೆಲವೊಂದು ದನ ಆಮ್ಯಾಲ ಕೆಮ್ಮಿ ಕೆಮ್ಮಿ ಸತ್ತಾವು. ಯಾಕಂತ ತಿಳೀತಿದ್ದಿಲ್ಲ” ಎಂದರು. ಡಾಕ್ಟರಮ್ಮ ಅವರ ಕೈ ಹಿಡಿದು, “ಆಗ ನಿಮಗ ಹೇಳವ್ರು ಇದ್ದಿಲ್ರಿ ಅಜ್ಜಾರ” ಎಂದರು.

ಆ ವಾರ ಶನಿವಾರ ಶಾಲೆ ಮುಗಿಸಿ ಬಂದು ಮೂವರನ್ನೂ ಸಿಂಧನೂರಿನ ಬಸ್ಸು ಹತ್ತಿಸಿಕೊಂಡು ಹೋದೆ. ಅಜ್ಜಿ ಮತ್ತು ಅಂಗಡಿಯವ್ವ ಮುಂದಿನ ಸೀಟಿನಲ್ಲಿ ಕೂತರು, ನಾನು ಮತ್ತು ಅತ್ತೆ ಹಿಂದೆ. ಐದು ದಿನದಿಂದ ನನ್ನ ಹೊಟ್ಟೆಯಲ್ಲಿದ್ದ ಮಾತನ್ನು ಇನ್ನು ಇಟ್ಟುಕೊಳ್ಳಲಾಗಲಿಲ್ಲ.

“ಅತ್ತಿ, ಅಂಗಡ್ಯಾಂವ ನನಗ ಹೇಳಿದ್ದ. ಈದ ಮ್ಯಾಲ ಕೊಡ್ರಿ, ಈಗ ಬ್ಯಾಡ ಅಂದಿದ್ದ. ನಾ ಮರತೆ.”

ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾಟಿ ಮಾಡುವ ಕಾಲ, ಗದ್ದೆಯ ತುಂಬ ಬಗ್ಗಿದ ಬೆನ್ನುಗಳು. ಇನ್ನು ವರ್ಷಗಟ್ಟಲೆ ‘ಟೀಚರಮ್ಮ’ ಎಂದೇ ಕರೆಸಿಕೊಳ್ಳಬೇಕು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

“ನೀ ಹೇಳಿದ್ರೂ ನಾ ಕೇಳತಿದ್ದಿಲ್ಲ ಬಿಡು” ಎಂದರು ಕೊನೆಗೆ. “ಅಂಗಡ್ಯಾಂವಗೇನ ತಿಳೀತೈತಿ ಅಂತಿದ್ದೆ. ಹೊಟ್ಟ್ಯಾಗ ಇಟ್ಕೊಂಡ ಐದು ದಿನ ಉಂಡಿಲ್ಲ ನೀ ಸರ್ಯಾಗಿ. ನಾ ಅದು ನನ ಮ್ಯಾಲಿನ ಸಿಟ್ಟು ಅನ್ಕೊಂಡಿದ್ದೆ.”

“ನಿಮ್ಮ ಮ್ಯಾಲ ಯಾಕ್ರಿ?”

“ಟಾನಿಕ್ ಕುಡದು ಊರಾಗ ನಿನ ಮರ್ಯಾದಿ ಕಳದೆನಲ್ಲ, ಅದಕ್ಕ.”

ಇಬ್ಬರೂ ನಗಲು ಶುರು ಮಾಡಿದೆವು. ಮುಂದಿನ ಸೀಟಿನ ಇಬ್ಬರು ಒಟ್ಟಿಗೆ ತಿರುಗಿ ನೋಡಿದರು, ನಮ್ಮ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದ್ದಾರೆ ಎನ್ನುವ ಮುಖ ಮಾಡಿಕೊಂಡು.

ಸಿಂಧನೂರಿನ ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ನಡೆದದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ರಕ್ತ, ಮೂತ್ರ ಪರೀಕ್ಷೆ ಬರೆದುಕೊಟ್ಟರು, ಅಜ್ಜಿಗೆ ಸ್ಕ್ಯಾನಿಂಗನ್ನೂ ಅತ್ತೆಯ ಮೊಣಕಾಲಿಗೆ ಎಕ್ಸ್‌ರೇಯನ್ನೂ ಬರೆದರು. ಎಲ್ಲ ಬರುವ ಹೊತ್ತಿಗೆ ಸಂಜೆಯಾಯಿತು. ಅಜ್ಜಿಯ ಕಿಡ್ನಿಯಲ್ಲಿ ಹಳೆಯ ಸಣ್ಣ ಹರಳು ಇದ್ದಲ್ಲೇ ಇತ್ತು. ದೊಡ್ಡದಾಗಿರಲಿಲ್ಲ. “ನಿಮ್ಮ ನಸೀಬು ಚಲೋ ಐತಿ” ಎಂದರು ಡಾಕ್ಟರು. “ಹರಳಿನವ್ರು ಕೇಳದ ಕ್ಯಾಲ್ಸಿಯಂ ಔಷಧಿಗೆ ಕೈ ಹಚ್ಚಬಾರ್ದು. ನೀರು ಚಲೋತ್ನಂಗ ಕುಡೀರಿ.”

ಅತ್ತೆಯ ಸರದಿ ಬಂದಾಗ ಅವರು ಬೇರೆ ಯಾವ ಮಾತ್ರೆ ತಿನ್ನುತ್ತೀರಿ ಎಂದು ಕೇಳಿದರು. ಥೈರಾಯಿಡ್ ಮಾತ್ರೆ, ಬೆಳಗ್ಗೆ ಎದ್ದಕೂಡಲೇ ಎಂದೆ ನಾನು.

“ಟಾನಿಕ್ ಯಾವಾಗ ಕುಡೀತಿದ್ರಿ?”

“ಚಹಾ ಕುಡದ ಮ್ಯಾಲ ಒಂದು ಮುಚ್ಚಳ” ಎಂದರು ಅತ್ತೆ.

“ಅದ ನೋಡ್ರಿ ದಣಿವು. ಆ ಗುಳಿಗಿ ಮೈಗೆ ಹತ್ತಾಕ ಬಿಟ್ಟಿಲ್ಲ ನಿಮ್ಮ ಟಾನಿಕ್. ಎರಡಕ್ಕೂ ನಡುವ ನಾಲ್ಕು ತಾಸು ಅಂತರ ಬೇಕು.”

ಒಂದು ತಿಂಗಳು ನಾನು ಬಿಸಿಲೆಂದುಕೊಂಡದ್ದು ಇದು. ಅತ್ತೆಯ ಮೊಣಕಾಲು ಸವೆದಿತ್ತು, ವಿಟಮಿನ್ ಡಿ ಕಡಿಮೆಯಿತ್ತು. ಹೊಲದ ಬಿಸಿಲಿನಲ್ಲೇ ಬಾಳಿದ ತಮಗೆ ಅದು ಹೇಗೆ ಕಡಿಮೆ ಎಂದು ಅತ್ತೆ ವಾದಕ್ಕಿಳಿದರು. ಡಾಕ್ಟರು ವಾದ ಮಾಡದೆ ಚೀಟಿ ಬರೆದರು. ವಾರಕ್ಕೊಂದು ವಿಟಮಿನ್, ಮಧ್ಯಾಹ್ನ ಊಟವಾದ ಮೇಲೆ ಒಂದು ಕ್ಯಾಲ್ಸಿಯಂ ಗುಳಿಗೆ, ಕೂತು ಮಾಡುವ ಎರಡು ವ್ಯಾಯಾಮ, ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ. “ಇದರಿಂದ ಮೊಣಕಾಲು ಹೊಸಾದು ಆಗಂಗಿಲ್ಲ” ಎಂದೂ ಹೇಳಿದರು. “ಆದ್ರ ಇದ್ದದ್ದನ್ನ ನಡಸಬಹುದು.”

ಅಂಗಡಿಯವ್ವನ ರಿಪೋರ್ಟಿನಲ್ಲಿ ಎಲ್ಲವೂ ಸರಿಯಾಗಿತ್ತು. ಅವರಿಗೆ ಸ್ವಲ್ಪ ಬೇಸರವಾಯಿತು.

“ನನಗೇನೂ ಇಲ್ಲೇನ್ರಿ? ಒಂದು ಗುಳಿಗಿ ಸುದ್ದಾ?”

“ಏನೂ ಬ್ಯಾಡ. ದಿನಾ ಒಂದು ಲೋಟ ಹಾಲು ಕುಡೀರಿ, ರಾಗಿ, ಎಳ್ಳು, ಸೊಪ್ಪು ತಿನ್ರಿ.”

“ಹಾಲು ಇವರ ಮನಿ ಎಮ್ಮಿದನ ಕುಡೀತೀನ್ರಿ” ಎಂದರು ಅಂಗಡಿಯವ್ವ, “ಈಗ ಅದರಾಗನ ಕ್ಯಾಲ್ಸಿಯಂ ಬರತೈತಲ್ಲ.” ಡಾಕ್ಟರು ಅಷ್ಟು ಹೊತ್ತು ತಡೆದ ನಗುವನ್ನು ಅಲ್ಲಿ ಬಿಟ್ಟರು.

ಅತ್ತೆ ಹದಿನೈದು ದಿನಕ್ಕೆ ಮೊದಲಿನಂತೆ ಚುರುಕಾದರು. ಮೊಣಕಾಲು ನೋವೂ ಮರಳಿ ಬಂತು, ಅಂದರೆ ಆ ತಿಂಗಳ ಸುಖ ಹೆಚ್ಚಾಗಿ ಬಾಳೆಹಣ್ಣಿನ ರುಚಿಯದೇ. ವ್ಯಾಯಾಮವನ್ನು ಒಂದು ವಾರ ನಾಚಿಕೊಂಡು ಬಾಗಿಲು ಹಾಕಿ ಮಾಡಿದರು. ಆಮೇಲೆ ಗೆಳತಿಯರನ್ನೂ ಕರೆದು ಕಟ್ಟೆಯ ಮೇಲೇ ಮಾಡತೊಡಗಿದರು. ಮೂವರು ಮುದುಕಿಯರು ಸಾಲಾಗಿ ಕೂತು ಒಂದೊಂದೇ ಕಾಲು ಎತ್ತಿ ಹತ್ತು ಎಣಿಸುವುದನ್ನು ನೋಡಲು ಮೊದಮೊದಲು ಓಣಿಯವರು ನಿಲ್ಲುತ್ತಿದ್ದರು. ಈಗ ಯಾರೂ ತಿರುಗಿ ನೋಡುವುದಿಲ್ಲ. ಎರಡು ತಿಂಗಳಲ್ಲಿ ಅತ್ತೆ ಗೋಡೆ ಹಿಡಿಯುವುದನ್ನು ಕಡಿಮೆ ಮಾಡಿದರು.

ಎಮ್ಮೆ ಮತ್ತೆ ಗಬ್ಬವಾದಾಗ ಅತ್ತೆ ತಾವೇ ಡಾಕ್ಟರಮ್ಮನಿಗೆ ಫೋನ್ ಹಚ್ಚಿಸಿ, ಹಾಲು ಯಾವಾಗ ಬತ್ತಿಸಬೇಕು, ಏನು ಕೊಡಬೇಕು, ಏನು ಕೊಡಬಾರದು ಎಂದು ಕೇಳಿಕೊಂಡರು. ಕಡೆಯ ತಿಂಗಳು ಕ್ಯಾಲ್ಸಿಯಂ ಕ್ಯಾನನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಲು ಹೇಳಿದರು. ಯಾರ ಭಯಕ್ಕೆ ಎಂದು ನಾನು ಕೇಳಲಿಲ್ಲ. ಎರಡನೆಯ ಸಲ ಎಮ್ಮೆ ಈದು ಒಂದು ಗಳಿಗೆಯೂ ನೆಲ ಹಿಡಿಯಲಿಲ್ಲ.

ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಈಗ ಅತ್ತೆಗೆ ಬೇರೆ ಊರುಗಳಿಂದಲೂ ಫೋನು ಬರುತ್ತದೆ. ಮೊನ್ನೆ ನಾನು ಶಾಲೆಯಿಂದ ಬಂದಾಗ ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಸಾಲಗುಂದದ ಯಾರೋ ಹೆಣ್ಣುಮಗಳೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಓಣಿಗೆಲ್ಲ ಕೇಳುವ ದನಿ.

“ಮೊದಲ ಇದನ್ನ ಹೇಳು ತಂಗಿ. ಈದೈತೋ, ಇನ್ನೂ ಈಬೇಕೋ? ಈದಿಲ್ಲಾ? ಹಂಗಾದ್ರ ಆ ಕ್ಯಾನ್ ಮುಚ್ಚಿ ಮ್ಯಾಲಿಡು. ನಿಮ್ಮೂರ ಡಾಕ್ಟರ್ ನಂಬರ್ ಐತೇನು? ಅವ್ರಿಗೆ ಕೇಳು, ನನಗಲ್ಲ. ನಾ ಎಮ್ಮಿ ಬೀಳಿಸಿದಾಕಿ.” ಅಷ್ಟು ಹೇಳಿ ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. ಆಮೇಲೆ ದನಿ ಇನ್ನೂ ಏರಿತು. “ನಿಮ್ಮ ಅತ್ತೀಗೆ ಮೊಣಕಾಲು ನೋವೇನು? ಎದುರಿಗೆ ಅದಾಳೇನು? ಆಕೀಗೆ ಕೊಡು ಫೋನು, ನಾ ಮಾತಾಡ್ತೀನಿ.”

ನನಗೆ ಒಳಗೆ ಹೋಗಲು ಕೈಸನ್ನೆ ಮಾಡಿದರು, ಮಾತು ಮುಗಿಯಲು ಹೊತ್ತಾಗುತ್ತದೆ ಎಂಬಂತೆ. ನಾನು ಕೈಕಾಲು ತೊಳೆದುಕೊಂಡು ಇಬ್ಬರಿಗೂ ಚಹಾಕ್ಕಿಟ್ಟೆ.